ಪ್ರಯೋಗಾಲಯ ಮಾಂಸದ ನವೋದ್ಯಮಗಳು: ಅನುಮತಿ ಒಂದೆಡೆ, ಮಾರುಕಟ್ಟೆ ಇನ್ನೊಂದೆಡೆ

ಪ್ರಾಣಿಯನ್ನು ಕೊಲ್ಲದೆ, ಅದರ ಜೀವಕೋಶಗಳನ್ನಷ್ಟೇ ತೊಟ್ಟಿಯಲ್ಲಿ ಬೆಳೆಸಿ ಮಾಂಸವನ್ನು ತಯಾರಿಸುವ ಉದ್ಯಮವು ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಜಗತ್ತಿನ ಹೂಡಿಕೆದಾರರನ್ನು ಬಹುವಾಗಿ ಸೆಳೆದಿದೆ. ಈ ಕ್ಷೇತ್ರದ ನವೋದ್ಯಮಗಳಿಗೆ 2021ರ ಒಂದೇ ವರ್ಷದಲ್ಲಿ 130 ಕೋಟಿ ಡಾಲರಿಗೂ ಹೆಚ್ಚಿನ ಬಂಡವಾಳ ಹರಿದುಬಂದಿತು. 2023ರಲ್ಲಿ ಅದು ಸುಮಾರು 22.6 ಕೋಟಿ ಡಾಲರಿಗೆ ಇಳಿಯಿತು. 2024ರಲ್ಲಿ ಸುಮಾರು 13.9 ಕೋಟಿ ಡಾಲರಿಗೆ ಕುಸಿಯಿತು. ಮೂರು ವರ್ಷಗಳಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಬಂಡವಾಳ ಹಿಂದೆ ಸರಿದ ಈ ಉದ್ಯಮದ ಕಥೆಯು ಮಾಂಸೋದ್ಯಮಕ್ಕೆ ಸಂಬಂಧಿಸದ ವಾಣಿಜ್ಯೋದ್ಯಮಿಗಳಿಗೂ ಅಧ್ಯಯನಯೋಗ್ಯವಾಗಿದೆ.

ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದ ವಿಲ್ಸನ್ ಪಟ್ಟಣದಲ್ಲಿ ನಡೆದುದನ್ನೇ ನೋಡಬಹುದು. ಇಸ್ರೇಲ್ ಮೂಲದ ಬಿಲೀವರ್ ಮೀಟ್ಸ್ ಸಂಸ್ಥೆಯು 2022ರ ಡಿಸೆಂಬರ್‌ನಲ್ಲಿ ಅಲ್ಲಿ 2 ಲಕ್ಷ ಚದರ ಅಡಿಯ ಕಾರ್ಖಾನೆಗೆ ಅಡಿಗಲ್ಲು ಹಾಕಿತು. ವರ್ಷಕ್ಕೆ ಕನಿಷ್ಠ 10,000 ಟನ್ ಮಾಂಸವನ್ನು ಉತ್ಪಾದಿಸುವ ಯೋಜನೆ ಅದಾಗಿತ್ತು. ಕಟ್ಟಡ ಎದ್ದಿತು, ತೊಟ್ಟಿಗಳು ಬಂದವು. ಅಮೆರಿಕದ ಆಹಾರ ಮತ್ತು ಔಷಧ ಇಲಾಖೆಯ ಸಮ್ಮತಿಯೂ ಕೃಷಿ ಇಲಾಖೆಯ ಅನುಮತಿಯೂ 2025ರಲ್ಲಿ ದೊರೆತವು. ಅದೇ ವರ್ಷದ ಡಿಸೆಂಬರ್‌ನಲ್ಲಿ ಸಂಸ್ಥೆಯು ಕೆಲಸ ನಿಲ್ಲಿಸಿತು. ಕಾರ್ಖಾನೆಯಿದ್ದು, ಪರವಾನಗಿಯಿದ್ದು, ತಂತ್ರಜ್ಞಾನವಿದ್ದೂ ವ್ಯಾಪಾರ ನಿಲ್ಲಲಿಲ್ಲವೇಕೆ?

ಈ ಉದ್ಯಮಕ್ಕೆ ವಿದ್ಯೆ, ಬಂಡವಾಳ, ಅನುಮತಿ ಮತ್ತು ಗಿರಾಕಿ ಎಂಬ ನಾಲ್ಕೂ ಒಟ್ಟಿಗೆ ಬೇಕು. ಜಗತ್ತಿನ ಯಾವ ಪ್ರದೇಶದಲ್ಲಿಯೂ ಈ ನಾಲ್ಕು ಒಂದೇ ಕಾಲಕ್ಕೆ ಕೂಡಿಬರಲಿಲ್ಲ ಎಂಬುದೇ ಮೇಲಿನ ಪ್ರಶ್ನೆಗೆ ಸಿಗುವ ಮುಖ್ಯ ಉತ್ತರವಾಗಿದೆ. ವಿದ್ಯೆಯಿದ್ದಲ್ಲಿ ಅನುಮತಿಯಿರಲಿಲ್ಲ, ಅನುಮತಿಯಿದ್ದಲ್ಲಿ ಮಾರುಕಟ್ಟೆ ಚಿಕ್ಕದಾಗಿತ್ತು, ಬಂಡವಾಳವೂ ಗಿರಾಕಿಯೂ ಇದ್ದಲ್ಲಿ ರಾಜಕೀಯ ಅಡ್ಡ ಬಂದಿತು. ಇವೆಲ್ಲಕ್ಕೂ ಮಿಗಿಲಾಗಿ ಉತ್ಪಾದನಾ ವೆಚ್ಚವು ಎಲ್ಲೆಡೆಯೂ ಕಾಡಿತು. ಆದ್ದರಿಂದ ಮೊದಲು ವೆಚ್ಚದ ವಿಚಾರವನ್ನು ತಿಳಿಯುವುದು ಉಚಿತ.

ತೊಟ್ಟಿಯೊಳಗಿನ ಲೆಕ್ಕ

ಜೀವಂತ ಪ್ರಾಣಿಯಿಂದ ಅಥವಾ ಮೊಟ್ಟೆಯಿಂದ ತೆಗೆದ ಕೆಲವೇ ಜೀವಕೋಶಗಳಿಂದ ಈ ಉತ್ಪಾದನೆ ಆರಂಭವಾಗುತ್ತದೆ. ಅವುಗಳನ್ನು ಬಯೋರಿಯಾಕ್ಟರ್ ಎಂಬ ಉಕ್ಕಿನ ತೊಟ್ಟಿಯಲ್ಲಿ, ಪ್ರಾಣಿಯ ದೇಹದ ಉಷ್ಣತೆಯಲ್ಲಿ, ಪೋಷಕ ದ್ರಾವಣದ ನಡುವೆ ಬೆಳೆಸಲಾಗುತ್ತದೆ. ಈ ದ್ರಾವಣದಲ್ಲಿ ಗ್ಲೂಕೋಸ್, ಅಮೈನೋ ಆಮ್ಲಗಳು, ಲವಣಗಳು ಮತ್ತು ಜೀವಸತ್ವಗಳಿರುತ್ತವೆ. ಇವಲ್ಲದೆ, ವಿಭಜನೆಯಾಗುವಂತೆ ಕೋಶಗಳನ್ನು ಪ್ರೇರೇಪಿಸುವ ಕೆಲವು ಪ್ರೋಟೀನುಗಳೂ ಅತ್ಯಲ್ಪ ಪ್ರಮಾಣದಲ್ಲಿ ಬೇಕಾಗುತ್ತವೆ. ಪುಡಿ ಮಾಂಸ ಸಾಕೆಂದರೆ ಕೋಶರಾಶಿಯನ್ನು ಹಾಗೆಯೇ ಸೋಸಿ ತೆಗೆಯಬಹುದು. ತುಂಡು ಮಾಂಸವೇ ಬೇಕಾದರೆ ಕೋಶಗಳು ಹಬ್ಬಿಕೊಳ್ಳಲು ತಿನ್ನಲು ಯೋಗ್ಯವಾದ ಹಂದರವೊಂದನ್ನು ಒದಗಿಸಬೇಕು.

ಮೇಲ್ನೋಟಕ್ಕೆ ಇದು ಬಿಯರ್ ತಯಾರಿಕೆಯಂತೆ ಕಾಣುತ್ತದೆ. ನವೋದ್ಯಮಗಳ ಪ್ರಚಾರದಲ್ಲಿ ಈ ಹೋಲಿಕೆಯೇ ಪದೇ ಪದೇ ಬಳಕೆಯಾಯಿತು. ಹೂಡಿಕೆದಾರರನ್ನು ದಾರಿ ತಪ್ಪಿಸಿದ್ದೂ ಬಹುಶಃ ಇದೇ ಹೋಲಿಕೆ. ಯೀಸ್ಟ್ ಗಟ್ಟಿಜೀವಿ, ಬೇಗ ಬೆಳೆಯುವಂಥದು, ಪ್ರಾಣಿಕೋಶವು ಹಾಗಲ್ಲ. ಅದು ಇಮ್ಮಡಿಯಾಗಲು ಸುಮಾರು ಒಂದು ದಿನ ಹಿಡಿಯುತ್ತದೆ. ಅನುಕೂಲ ಪರಿಸ್ಥಿತಿಯಲ್ಲಿ ಸಾಮಾನ್ಯ ಬ್ಯಾಕ್ಟೀರಿಯಾ ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲದು. ಅಂದರೆ ಪ್ರಾಣಿಕೋಶ ಒಮ್ಮೆ ಇಮ್ಮಡಿಸುವಷ್ಟರಲ್ಲಿ ಬ್ಯಾಕ್ಟೀರಿಯಾ 72 ಬಾರಿ ಇಮ್ಮಡಿಸುವ ಶಕ್ತಿ ಹೊಂದಿರುತ್ತದೆ. ಒಂದೇ ಒಂದು ಬ್ಯಾಕ್ಟೀರಿಯಾ ಒಳಹೊಕ್ಕರೂ ಇಡೀ ತೊಟ್ಟಿಯನ್ನು ಚೆಲ್ಲಬೇಕಾಗುತ್ತದೆ. ಹಾಲಿನ ಡೇರಿಗೆ ಸಾಕಾಗುವ ಶುಚಿತ್ವ ಇಲ್ಲಿ ಸಾಲದು. ಔಷಧ ಕಾರ್ಖಾನೆಯ ಶುಚಿತ್ವವೇ ಬೇಕು. ಔಷಧ ಕಾರ್ಖಾನೆಯ ವೆಚ್ಚದಲ್ಲಿ ಮಾಂಸವನ್ನು ತಯಾರಿಸಿ, ಕೋಳಿ ಅಂಗಡಿಯ ದರಕ್ಕೆ ಮಾರಬೇಕೆಂಬುದೇ ಈ ಉದ್ಯಮದ ಮೂಲ ತೊಡಕು.

ಎದುರಾಳಿಯಾದರೂ ಸಾಮಾನ್ಯನಲ್ಲ. ಇಂದಿನ ಬ್ರಾಯ್ಲರ್ ಕೋಳಿಯು ಸುಮಾರು ಆರು ವಾರಗಳಲ್ಲಿ ಮಾರಾಟಕ್ಕೆ ಸಿದ್ಧವಾಗುತ್ತದೆ. ಎರಡು ಕಿಲೋಗಿಂತ ಕಡಿಮೆ ಮೇವು ತಿಂದು ಒಂದು ಕಿಲೋ ತೂಕ ಹೆಚ್ಚಿಸಿಕೊಳ್ಳುತ್ತದೆ. ಅದರ ಶರೀರವೇ ಒಂದು ತೊಟ್ಟಿ. ರೋಗನಿರೋಧಕ ಶಕ್ತಿಯನ್ನು ಅದು ಪುಕ್ಕಟೆಯಾಗಿ ಒದಗಿಸಿಕೊಳ್ಳುತ್ತದೆ.

2021ರಲ್ಲಿ ಪ್ರಕಟವಾದ ಎರಡು ಅಂದಾಜುಗಳನ್ನು ಇಲ್ಲಿ ಹೋಲಿಸಬಹುದು. ನೆದರ್‌ಲೆಂಡ್ಸ್‌ನ ಸಿಇ ಡೆಲ್ಫ್ಟ್ ಎಂಬ ಸಲಹಾ ಸಂಸ್ಥೆಯು, ಎಲ್ಲ ಅನುಕೂಲಗಳೂ ಕೂಡಿಬಂದರೆ, 2030ರ ವೇಳೆಗೆ ಕಿಲೋ ಒಂದಕ್ಕೆ ಸುಮಾರು 6 ಡಾಲರ್ ವೆಚ್ಚದಲ್ಲಿ ಈ ಮಾಂಸವನ್ನು ತಯಾರಿಸಬಹುದೆಂದಿತು. ಅಮೆರಿಕದ ರಾಸಾಯನಿಕ ಎಂಜಿನಿಯರ್ ಡೇವಿಡ್ ಹಂಬರ್ಡ್, ದೊಡ್ಡ ಕಾರ್ಖಾನೆಯಲ್ಲಿಯೂ ವೆಚ್ಚವು ಸುಮಾರು 37 ಡಾಲರಿಗಿಂತ ಕೆಳಗಿಳಿಯುವುದು ಕಷ್ಟವೆಂದರು. ಹೂಡಿಕೆದಾರರು ಆ ವರ್ಷ ಮೊದಲನೆಯದನ್ನು ನಂಬಿದರು. ಎರಡನೆಯದನ್ನು ಓದಲು ಅವರಿಗೆ ಇನ್ನೆರಡು ವರ್ಷ ಹಿಡಿಯಿತು.

ವಿದ್ಯೆಯ ನೆಲೆ, ಹಣದ ನೆಲೆ

ಈ ಉದ್ಯಮದ ತವರು ನೆದರ್‌ಲೆಂಡ್ಸ್ ಎಂದರೆ ತಪ್ಪಾಗಲಾರದು. ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮಾರ್ಕ್ ಪೋಸ್ಟ್ ಅವರು 2013ರ ಆಗಸ್ಟ್ 5ರಂದು ಲಂಡನ್ನಿನಲ್ಲಿ, ಸುಮಾರು 20,000 ಸ್ನಾಯು ಎಳೆಗಳನ್ನು ಕೂಡಿಸಿ ತಯಾರಿಸಿದ ಬರ್ಗರನ್ನು ಪ್ರದರ್ಶಿಸಿದರು. ಅದಕ್ಕೆ ತಗುಲಿದ ವೆಚ್ಚ ಸುಮಾರು 2.5 ಲಕ್ಷ ಯೂರೋ. ಹಣ ಒದಗಿಸಿದವರು ಗೂಗಲ್ ಸಂಸ್ಥಾಪಕರಲ್ಲೊಬ್ಬರಾದ ಸೆರ್ಗೆ ಬ್ರಿನ್. ಪೋಸ್ಟ್ ಅವರು ಮುಂದೆ ಮೋಸಾ ಮೀಟ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಡಚ್ ಸರ್ಕಾರವು 2022ರಲ್ಲಿ ಕೋಶ ಕೃಷಿಯ ಅಭಿವೃದ್ಧಿಗೆ 6 ಕೋಟಿ ಯೂರೋ ಮಂಜೂರು ಮಾಡಿತು. ಆದರೆ ಮಾರಾಟದ ಅನುಮತಿ ಡಚ್ ಸರ್ಕಾರದ ಕೈಯಲ್ಲಿಲ್ಲ. ಹೊಸ ಬಗೆಯ ಆಹಾರಗಳಿಗೆ ಇಡೀ ಐರೋಪ್ಯ ಒಕ್ಕೂಟಕ್ಕೆ ಒಂದೇ ಅನುಮತಿ; ವೈಜ್ಞಾನಿಕ ಪರಿಶೀಲನೆಯ ಬಳಿಕ ಸದಸ್ಯ ರಾಷ್ಟ್ರಗಳ ಪ್ರತಿನಿಧಿಗಳು ಮತ ಹಾಕುತ್ತಾರೆ. ಹೀಗಾಗಿ, ಮಾಂಸವನ್ನು ಮೊದಲು ಬೆಳೆಸಿದ ದೇಶದ ಸರ್ಕಾರವು 2023ರಲ್ಲಿ ತನ್ನ ಸಂಸ್ಥೆಗಳಿಗೆ ನಿಯಂತ್ರಿತ ರುಚಿಪರೀಕ್ಷೆಯ ಅವಕಾಶವನ್ನಷ್ಟೇ ಕೊಡಲು ಶಕ್ತವಾಯಿತು.

ಇಸ್ರೇಲಿನಲ್ಲಿ ವಿಶ್ವವಿದ್ಯಾಲಯಗಳೂ ಆಹಾರ ಕಂಪನಿಗಳೂ ಕೈಜೋಡಿಸಿದ್ದು ವಿಶೇಷ. ಟೆಕ್ನಿಯಾನ್ ಸಂಸ್ಥೆಯ ಶುಲಮಿತ್ ಲೆವೆನ್‌ಬರ್ಗ್ ಅವರ ಅಂಗಾಂಶ ಸಂಶೋಧನೆ ಹಾಗೂ ಸ್ಟ್ರೌಸ್ ಎಂಬ ಆಹಾರ ಸಮೂಹದ ಬೆಂಬಲದಿಂದ 2017ರಲ್ಲಿ ಅಲೆಫ್ ಫಾರ್ಮ್ಸ್ ಹುಟ್ಟಿತು. 2024ರ ಜನವರಿಯಲ್ಲಿ ಅಲ್ಲಿನ ಆರೋಗ್ಯ ಸಚಿವಾಲಯವು ಅದರ ದನದ ಮಾಂಸಕ್ಕೆ ಅನುಮತಿಯನ್ನಿತ್ತಿತು. ಕೋಶದಿಂದ ಬೆಳೆಸಿದ ದನದ ಮಾಂಸಕ್ಕೆ ದೊರೆತ ಮೊದಲ ಅನುಮತಿ ಅದು. ಬಿಲೀವರ್ ಮೀಟ್ಸ್ ಹುಟ್ಟಿದ್ದೂ ಇಸ್ರೇಲಿನಲ್ಲಿಯೇ, ಹೀಬ್ರೂ ವಿಶ್ವವಿದ್ಯಾಲಯದ ಯಾಕೊವ್ ನಹ್ಮಿಯಾಸ್ ಅವರ ಸಂಶೋಧನೆಯಿಂದ. ಫ್ಯೂಚರ್ ಮೀಟ್ ಎಂಬ ಹಿಂದಿನ ಹೆಸರಿನಲ್ಲಿದ್ದಾಗ, 2021ರ ಡಿಸೆಂಬರ್‌ನಲ್ಲಿ ಅದು 34.7 ಕೋಟಿ ಡಾಲರ್ ಸಂಗ್ರಹಿಸಿತ್ತು. ತಾಯ್ನಾಡಿನ ಮಾರುಕಟ್ಟೆ ಸಣ್ಣದಾದ್ದರಿಂದ ಅದು ಅಮೆರಿಕದಲ್ಲಿ ಕಾರ್ಖಾನೆ ಕಟ್ಟಹೊರಟಿತು.

ಹಣದ ನೆಲೆಯೆಂದರೆ ಕ್ಯಾಲಿಫೋರ್ನಿಯಾ. ಅಲ್ಲಿನ ಅಪ್‌ಸೈಡ್ ಫುಡ್ಸ್‌ನ ಸ್ಥಾಪಕರಲ್ಲೊಬ್ಬರಾದ ಉಮಾ ವಲೇಟಿ ವಿಜಯವಾಡದವರು. ಪುದುಚೇರಿಯ ಜಿಪ್‌ಮರ್‌ನಲ್ಲಿ ವೈದ್ಯಶಿಕ್ಷಣ ಪಡೆದ ಹೃದ್ರೋಗ ತಜ್ಞರು. 2015ರಲ್ಲಿ ಮೆಂಫಿಸ್ ಮೀಟ್ಸ್ ಎಂಬ ಹೆಸರಿನಿಂದ ಆರಂಭವಾದ ಈ ಸಂಸ್ಥೆಗೆ ಬಿಲ್ ಗೇಟ್ಸ್, ರಿಚರ್ಡ್ ಬ್ರಾನ್ಸನ್ ಮೊದಲಾದವರಷ್ಟೇ ಅಲ್ಲ, ಮಾಂಸೋದ್ಯಮದ ದೈತ್ಯರಾದ ಕಾರ್ಗಿಲ್ ಮತ್ತು ಟೈಸನ್ ಕಂಪನಿಗಳೂ ಹಣ ಹೂಡಿದವು. 2022ರ ಏಪ್ರಿಲ್‌ನಲ್ಲಿ ಒಂದೇ ಕಂತಿನಲ್ಲಿ 40 ಕೋಟಿ ಡಾಲರ್ ಬಂದಿತು. 2023ರ ಜೂನ್‌ನಲ್ಲಿ ಕೃಷಿ ಇಲಾಖೆಯ ಅನುಮತಿ ದೊರೆತು, ಸ್ಯಾನ್ ಫ್ರಾನ್ಸಿಸ್ಕೋದ ಒಂದು ದುಬಾರಿ ಉಪಾಹಾರಗೃಹದಲ್ಲಿ ಅದರ ಕೋಳಿಮಾಂಸ ಬಡಿಸಲ್ಪಟ್ಟಿತು. ಮರುವರ್ಷವೇ ಆ ಮಾರಾಟ ನಿಂತಿತು. ಇಲಿನಾಯ್ ರಾಜ್ಯದಲ್ಲಿ ಕಟ್ಟಬೇಕಿದ್ದ ದೊಡ್ಡ ಕಾರ್ಖಾನೆಯ ಯೋಜನೆಯೂ ತಡೆಹಿಡಿಯಲ್ಪಟ್ಟಿತು. ಅಲ್ಲಿನ ಮತ್ತೊಂದು ಸಂಸ್ಥೆಯಾದ ಗುಡ್ ಮೀಟ್ ಒಂದೊಂದೂ 2.5 ಲಕ್ಷ ಲೀಟರಿನ ಹತ್ತು ತೊಟ್ಟಿಗಳನ್ನು ಸ್ಥಾಪಿಸುವುದಾಗಿ 2022ರಲ್ಲಿ ಘೋಷಿಸಿತ್ತು. ಅವು ಕಾಗದದಿಂದ ನೆಲಕ್ಕಿಳಿಯಲಿಲ್ಲ.

ಸಿಂಗಪುರದ ಪಾಠ

ಗುಡ್ ಮೀಟ್ ಸಂಸ್ಥೆಯು ತನ್ನ ಕೋಳಿಮಾಂಸವನ್ನು ಮೊದಲು ಮಾರಿದ್ದು ತಾಯ್ನಾಡಿನಲ್ಲಲ್ಲ, ಸಿಂಗಪುರದಲ್ಲಿ, 2020ರ ಡಿಸೆಂಬರ್‌ನಲ್ಲಿ. ಇದಕ್ಕೆ ಕಾರಣವಿತ್ತು. ತನ್ನ ಆಹಾರದ ನೂರಕ್ಕೆ ತೊಂಬತ್ತು ಪಾಲಿಗೂ ಹೆಚ್ಚನ್ನು ಆಮದು ಮಾಡಿಕೊಳ್ಳುವ ಆ ನಗರರಾಷ್ಟ್ರವು, 2030ರ ವೇಳೆಗೆ ತನ್ನ ಪೌಷ್ಟಿಕ ಅಗತ್ಯದ ಶೇ. 30ರಷ್ಟನ್ನು ತಾನೇ ಉತ್ಪಾದಿಸಬೇಕೆಂದು 2019ರಲ್ಲಿ ಗುರಿಯಿಟ್ಟುಕೊಂಡಿತ್ತು. ಹೊಲವಿಲ್ಲದ ನಾಡಿಗೆ ತೊಟ್ಟಿಯೇ ಹೊಲವೆನಿಸಿದುದರಲ್ಲಿ ಆಶ್ಚರ್ಯವಿಲ್ಲ. ಅರ್ಜಿದಾರನು ಯಾವ ಯಾವ ಸುರಕ್ಷತಾ ಮಾಹಿತಿಯನ್ನು ಸಲ್ಲಿಸಬೇಕೆಂಬುದನ್ನು ಅಲ್ಲಿನ ಆಹಾರ ಪ್ರಾಧಿಕಾರವು ಸ್ಪಷ್ಟವಾಗಿ ಬರೆದು ಪ್ರಕಟಿಸಿತು. ಅನುಮತಿಗಿಂತಲೂ ಈ ಸ್ಪಷ್ಟತೆಯೇ ದೇಶದೇಶಗಳ ನವೋದ್ಯಮಗಳನ್ನು ಅಲ್ಲಿಗೆ ಸೆಳೆಯಿತು. ಧಾರ್ಮಿಕ ಪ್ರಶ್ನೆಯನ್ನೂ ಅಲ್ಲಿ ಬಾಕಿ ಉಳಿಸಲಿಲ್ಲ. ಹಲಾಲ್ ವಿಧಿಯ ಮೂಲದಿಂದ ಕೋಶಗಳು ಬಂದಿದ್ದು, ಇತರ ಘಟಕಗಳೂ ಹಲಾಲ್ ಆಗಿದ್ದರೆ ಇಂಥ ಮಾಂಸ ಸೇವನೆಗೆ ಅರ್ಹವೆಂದು ಅಲ್ಲಿನ ಇಸ್ಲಾಮಿಕ್ ಧಾರ್ಮಿಕ ಮಂಡಳಿಯ ಫತ್ವಾ ಸಮಿತಿಯು 2024ರಲ್ಲಿ ತಿಳಿಸಿತು.

ಇಷ್ಟೆಲ್ಲ ಇದ್ದೂ ವ್ಯಾಪಾರ ಬೆಳೆಯಿತೇ? 2024ರ ಮೇ ತಿಂಗಳಲ್ಲಿ ಗುಡ್ ಮೀಟ್ ತನ್ನ ಹೊಸ ಉತ್ಪನ್ನವನ್ನು ಹ್ಯೂಬರ್ಸ್ ಎಂಬ ಮಾಂಸದಂಗಡಿಯಲ್ಲಿ ಚಿಲ್ಲರೆಯಾಗಿ ಮಾರಾಟಕ್ಕಿಟ್ಟಿತು. 120 ಗ್ರಾಂ ಪೊಟ್ಟಣಕ್ಕೆ 7.20 ಸಿಂಗಪುರ ಡಾಲರ್. ಅಂದರೆ ಕಿಲೋಗೆ 60 ಡಾಲರ್. ಅದರಲ್ಲಿ ಕೋಶಗಳಿಂದ ಬೆಳೆಸಿದ ಕೋಳಿಮಾಂಸ ಶೇ. 3 ಮಾತ್ರ, ಉಳಿದುದೆಲ್ಲ ಬಹುತೇಕ ಸಸ್ಯಮೂಲ. ಪೊಟ್ಟಣವೊಂದರಲ್ಲಿ 3.6 ಗ್ರಾಂ! ಅಡುಗೆಯವರು ಚಿಟಿಕೆ ಲೆಕ್ಕದಲ್ಲಿ ಹಾಕುವಷ್ಟು ಪ್ರಮಾಣದ ವಸ್ತುವೊಂದು ಇಡೀ ಪೊಟ್ಟಣಕ್ಕೆ ಹೆಸರು ಕೊಟ್ಟಿತು. ಇದನ್ನು ಮೋಸವೆನ್ನುವಂತಿಲ್ಲ, ಪ್ರಮಾಣವನ್ನು ಸಂಸ್ಥೆಯು ಬಹಿರಂಗವಾಗಿಯೇ ತಿಳಿಸಿತ್ತು. ಆದರೆ ವೆಚ್ಚವು ಎಷ್ಟು ಬಿಗಿಯಾಗಿ ಹಿಡಿದಿದೆಯೆಂಬುದನ್ನು ಇದಕ್ಕಿಂತ ಚೆನ್ನಾಗಿ ತಿಳಿಸುವ ಅಂಕಿ ಇನ್ನೊಂದಿಲ್ಲ.

ಸಂಧ್ಯಾ ಶ್ರೀರಾಮ್ ಮತ್ತು ಕಾ ಯಿ ಲಿಂಗ್ ಎಂಬ ಇಬ್ಬರು ವಿಜ್ಞಾನಿಗಳು 2018ರಲ್ಲಿ ಸಿಂಗಪುರದಲ್ಲಿ ಆರಂಭಿಸಿದ್ದ ಶಿಯೋಕ್ ಮೀಟ್ಸ್ ಎಂಬ ಸೀಗಡಿ ಮಾಂಸದ ಸಂಸ್ಥೆಯು 2024ರಲ್ಲಿ ಉಮಾಮಿ ಬಯೋವರ್ಕ್ಸ್ ಜೊತೆ ವಿಲೀನಗೊಂಡಿತು. ಶೇ. 30ರ ಸರ್ಕಾರಿ ಗುರಿಯೂ 2025ರಲ್ಲಿ ಕೈಬಿಡಲ್ಪಟ್ಟು, ಅದರ ಜಾಗದಲ್ಲಿ 2035ಕ್ಕೆ ಬೇರೆ ಗುರಿಗಳು ಬಂದವು.

ಬಾಗಿಲು ಮುಚ್ಚಿದವರು

ಅಮೆರಿಕದಲ್ಲಿ ಕೇಂದ್ರದ ಅನುಮತಿ ದೊರೆತ ಮೇಲೆ ರಾಜ್ಯಗಳು ತಿರುಗಿಬಿದ್ದವು. ಫ್ಲಾರಿಡಾ 2024ರ ಮೇ ತಿಂಗಳಲ್ಲಿ ಇಂಥ ಮಾಂಸದ ತಯಾರಿಕೆ ಹಾಗೂ ಮಾರಾಟವನ್ನು ನಿಷೇಧಿಸಿತು. ಅಲಬಾಮಾ ಅದೇ ತಿಂಗಳು ಹಿಂಬಾಲಿಸಿತು. 2025ರಲ್ಲಿ ಮಿಸಿಸಿಪಿ, ಮೊಂಟಾನಾ, ನೆಬ್ರಾಸ್ಕಾ ನಿಷೇಧ ಹೇರಿದರೆ, ಇಂಡಿಯಾನಾ ಮತ್ತು ಟೆಕ್ಸಾಸ್ ಎರಡೆರಡು ವರ್ಷಗಳ ಅವಧಿಗೆ ತಡೆಯೊಡ್ಡಿದವು. ಇವುಗಳಲ್ಲಿ ಬಹುಪಾಲು ದನಸಾಕಣೆಯ ರಾಜ್ಯಗಳು ಎಂಬುದು ಗಮನಾರ್ಹ. ಇಟಲಿ 2023ರ ನವೆಂಬರ್‌ನಲ್ಲಿಯೇ ನಿಷೇಧದ ಕಾನೂನು ಮಾಡಿತ್ತು. ಉಲ್ಲಂಘಿಸಿದವರಿಗೆ 60,000 ಯೂರೋಗಳವರೆಗೆ ದಂಡ. ಮಾರುಕಟ್ಟೆಯಲ್ಲಿ ಇನ್ನೂ ಇಲ್ಲದ ಸರಕಿಗೆ ದಂಡ ವಿಧಿಸಿದ ಅಪರೂಪದ ಕಾನೂನು ಅದು. ಒಂದು ದೃಷ್ಟಿಯಿಂದ ಇದು ಈ ಉದ್ಯಮಕ್ಕೆ ಸಂದ ಗೌರವವೂ ಹೌದು: ಗ್ರಾಂ ಲೆಕ್ಕದಲ್ಲಿ ಮಾರಾಟವಾಗುವ ವಸ್ತುವಿಗೆ ಪಶುಪಾಲಕರ ಸಂಘಗಳು ಟನ್ ಲೆಕ್ಕದಲ್ಲಿ ಹೆದರಿದವು.

ದುಬಾರಿ ಸರಕಿನ ಮೊರೆ

ಉಳಿದುಕೊಂಡ ಸಂಸ್ಥೆಗಳು ಹಿಡಿದ ದಾರಿ ಬೇರೆ. ಅಗ್ಗದ ಕೋಳಿಯೊಡನೆ ಸೆಣಸುವುದನ್ನು ಬಿಟ್ಟು, ಮೊದಲೇ ದುಬಾರಿಯಾಗಿರುವ ಸರಕನ್ನು ಅವು ಆರಿಸಿಕೊಂಡವು. ಆಸ್ಟ್ರೇಲಿಯದ ವೌ ಸಂಸ್ಥೆಯು ಜಪಾನಿ ಲಾವಕ್ಕಿಯ ಕೋಶಗಳಿಂದ ಉಪಾಹಾರಗೃಹಗಳಿಗೆ ಬೇಕಾದ ದುಬಾರಿ ಖಾದ್ಯಗಳನ್ನು ತಯಾರಿಸಿತು. 2024ರಲ್ಲಿ ಸಿಂಗಪುರದ, 2025ರಲ್ಲಿ ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡ್‌ಗಳ ಅನುಮತಿಯನ್ನು ಪಡೆಯಿತು. ಸ್ಯಾನ್ ಫ್ರಾನ್ಸಿಸ್ಕೋದ ವೈಲ್ಡ್‌ಟೈಪ್ ಸಂಸ್ಥೆಯು ಹಸಿಯಾಗಿ ತಿನ್ನುವ ಸಾಲ್ಮನ್ ಮೀನನ್ನು ಹಿಡಿಯಿತು. ಅಮೆರಿಕದ ಪದ್ಧತಿಯಲ್ಲಿ ಸಾಲ್ಮನ್‌ನಂಥ ಮೀನಿಗೆ ಆಹಾರ ಮತ್ತು ಔಷಧ ಇಲಾಖೆಯ ಒಂದೇ ಪರಿಶೀಲನೆ ಸಾಕು. ಕೃಷಿ ಇಲಾಖೆಯ ಕದ ತಟ್ಟಬೇಕಿಲ್ಲ. ಆ ಪರಿಶೀಲನೆಯು 2025ರಲ್ಲಿ ಮುಗಿಯಿತು. ಫ್ರಾನ್ಸಿನ ಗೂರ್ಮೆ ಸಂಸ್ಥೆಯು ಬಾತುಕೋಳಿಯ ಯಕೃತ್ತಿನ ಖಾದ್ಯಕ್ಕಾಗಿ 2024ರಲ್ಲಿ ಐರೋಪ್ಯ ಒಕ್ಕೂಟಕ್ಕೆ ಅರ್ಜಿ ಸಲ್ಲಿಸಿತು. ಕ್ಯಾಲಿಫೋರ್ನಿಯಾದ ಮಿಷನ್ ಬಾರ್ನ್ಸ್ ಮಾಂಸವನ್ನೇ ಬಿಟ್ಟು, ರುಚಿಗಾಗಿ ಸಸ್ಯಮೂಲ ಪದಾರ್ಥಕ್ಕೆ ಬೆರೆಸುವ ಹಂದಿಯ ಕೊಬ್ಬನ್ನಷ್ಟೇ ಬೆಳೆಸಿತು. ಬ್ರಿಟನ್ನಿನಲ್ಲಿ ಮೀಟ್ಲಿ ಸಂಸ್ಥೆಯು ಸಾಕುಪ್ರಾಣಿಗಳ ಆಹಾರಕ್ಕೆ 2024ರಲ್ಲಿ ಅನುಮತಿ ಪಡೆದು, ಮರುವರ್ಷ ನಾಯಿಗಳ ತಿನಿಸನ್ನು ಅಂಗಡಿಗೆ ತಂದಿತು.

ಚೀನಾ ತನ್ನ ಕೃಷಿ ಪಂಚವಾರ್ಷಿಕ ಯೋಜನೆಯಲ್ಲಿ 2022ರಲ್ಲಿಯೇ ಈ ಮಾಂಸವನ್ನು ಹೆಸರಿಸಿತು. ಅಲ್ಲಿ ಖಾಸಗಿ ಬಂಡವಾಳಕ್ಕಿಂತ ಸರ್ಕಾರದ ಸಂಶೋಧನಾ ನೀತಿಯೇ ಮುಂದಿದೆ.

ಭಾರತ ಮತ್ತು ಕರ್ನಾಟಕದ ಸಂದರ್ಭ

ಭಾರತದಲ್ಲಿ ಈ ಕೆಲಸವು ಸಂಶೋಧನಾ ಸಂಸ್ಥೆಗಳಿಂದ ಆರಂಭವಾಯಿತು. ಹೈದರಾಬಾದಿನ ಕೋಶ ಮತ್ತು ಆಣ್ವಿಕ ಜೀವವಿಜ್ಞಾನ ಕೇಂದ್ರ ಹಾಗೂ ರಾಷ್ಟ್ರೀಯ ಮಾಂಸ ಸಂಶೋಧನಾ ಕೇಂದ್ರಗಳಿಗೆ ಜೈವಿಕ ತಂತ್ರಜ್ಞಾನ ಇಲಾಖೆಯು 2019ರಲ್ಲಿ ಸುಮಾರು 4.5 ಕೋಟಿ ರೂಪಾಯಿ ನೆರವು ನೀಡಿತು. ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯು ದೆಹಲಿಯ ನೀಟ್ ಮೀಟ್ ಬಯೋಟೆಕ್ ಎಂಬ ನವೋದ್ಯಮದೊಡನೆ ಮೀನಿನ ಮಾಂಸಕ್ಕಾಗಿ 2024ರ ಜನವರಿಯಲ್ಲಿ ಒಪ್ಪಂದ ಮಾಡಿಕೊಂಡಿತು. ಮುಂಬಯಿಯ ಬಯೋಕ್ರಾಫ್ಟ್ ಫುಡ್ಸ್ ಕೋಳಿಮಾಂಸದಲ್ಲಿ ತೊಡಗಿತು. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಚಿವ ಸಂಪುಟವು ಅಂಗೀಕರಿಸಿದ ಬಯೋಇ3 ನೀತಿಯ ಆರು ವಿಷಯಗಳಲ್ಲಿ ಪರ್ಯಾಯ ಪ್ರೋಟೀನು ಒಂದು. ಆದರೆ ಮೇಲೆ ಕಂಡ ಮೊತ್ತಗಳೆದುರು ಇಲ್ಲಿನ ಬಂಡವಾಳ ತೀರ ಅಲ್ಪ. ವಿಲ್ಸನ್ನಿನಂಥ ಕಾರ್ಖಾನೆಯನ್ನು ಇಲ್ಲಿ ಕಟ್ಟಬೇಕೆಂದು ಯಾರೂ ಹೊರಡದಿರುವುದು ಸದ್ಯಕ್ಕೆ ನಷ್ಟವೇನಲ್ಲ.

ಕರ್ನಾಟಕದ ಉದ್ಯಮಿಗಳಿಗೆ ಇಲ್ಲಿ ಸ್ಥಾನವಿದ್ದರೆ ಅದು ಮಾಂಸದಲ್ಲಲ್ಲ, ಪೋಷಕ ದ್ರಾವಣದಲ್ಲಿ. ಕೋಶಗಳ ಬೆಳವಣಿಗೆಗೆ ಬೇಕಾದ ಪ್ರೋಟೀನುಗಳಲ್ಲಿ ಇನ್ಸುಲಿನ್ ಒಂದು. ಯೀಸ್ಟ್ ಮೂಲಕ ಮಾನವ ಇನ್ಸುಲಿನ್ ತಯಾರಿಸಿ ಬೆಂಗಳೂರಿನ ಬಯೋಕಾನ್ ಸಂಸ್ಥೆಯು 2004ರಲ್ಲಿಯೇ ಮಾರುಕಟ್ಟೆಗೆ ತಂದಿತು. ಪ್ರಾಣಿಕೋಶಗಳನ್ನು ಉಕ್ಕಿನ ತೊಟ್ಟಿಯಲ್ಲಿ ಬೆಳೆಸಿ ಔಷಧಿ ತೆಗೆಯುವ ಕೆಲಸವೂ ಈ ನಗರಕ್ಕೆ ಹೊಸದಲ್ಲ. ಅದರಲ್ಲಿ ಪಳಗಿದ ತಂತ್ರಜ್ಞರು ಇಲ್ಲಿದ್ದಾರೆ. ದ್ರಾವಣದಲ್ಲಿ ಹೆಚ್ಚು ತೂಕದಲ್ಲಿ ಬೇಕಾಗುವ ಗ್ಲೂಕೋಸ್ ಮೆಕ್ಕೆಜೋಳದ ಪಿಷ್ಟದಿಂದ ಬರುತ್ತದೆ. ದಾವಣಗೆರೆ, ಹಾವೇರಿ ಸೀಮೆಯಲ್ಲಿ ಮೆಕ್ಕೆಜೋಳ ಬೆಳೆಯುತ್ತದೆ. ಗೋಕಾಕದಲ್ಲಿ ಅದನ್ನು ಪಿಷ್ಟವಾಗಿಸುವ ಕಾರ್ಖಾನೆಯಿದೆ. ಈ ಘಟಕಗಳನ್ನು ಔಷಧ ದರ್ಜೆಯಿಂದ ಆಹಾರ ದರ್ಜೆಗೆ ಇಳಿಸಿ, ಸುರಕ್ಷತೆ ಕೆಡದಂತೆ ಅಗ್ಗವಾಗಿ ಕೊಡಬಲ್ಲವರಿಗಾಗಿ ಎಲ್ಲ ದೇಶಗಳ ಸಂಸ್ಥೆಗಳೂ ಹುಡುಕುತ್ತಿವೆ. ಮಾಂಸವನ್ನು ಫ್ಲಾರಿಡಾ ನಿಷೇಧಿಸಿದರೂ ಸಿಂಗಪುರ ಒಪ್ಪಿದರೂ ದ್ರಾವಣ ಮಾರುವವನಿಗೆ ಲಸಿಕೆ, ಔಷಧಿಗಳ ತಯಾರಕರೆಂಬ ಬೇರೆ ಗಿರಾಕಿಗಳೂ ಇರುತ್ತಾರೆ.

ಮಾಂಸವನ್ನೇ ಇಲ್ಲಿ ಮಾರಬಯಸುವವರು ಭಾರತೀಯ ಆಹಾರ ಸುರಕ್ಷತೆ ಮತ್ತು ಮಾನದಂಡಗಳ ಪ್ರಾಧಿಕಾರದ 2017ರ ನಿಯಮಾವಳಿಯನ್ನು ಮೊದಲು ನೋಡಬೇಕು. ಮಾನದಂಡ ನಿಗದಿಯಾಗದ ಹೊಸ ಆಹಾರಗಳಿಗೆ ಪೂರ್ವಾನುಮತಿ ಪಡೆಯುವ ವಿಧಾನವನ್ನು ಅದು ಹೇಳುತ್ತದೆ. ಸುರಕ್ಷತಾ ದಾಖಲೆಗಳನ್ನು ಒದಗಿಸುವ ಹೊಣೆ ಅರ್ಜಿದಾರನದು. ದ್ರಾವಣದ ಸರಬರಾಜುದಾರನಿಗೂ ಈ ಕಡತವು ಮುಖ್ಯ. ಏಕೆಂದರೆ ಯಾವ ಘಟಕ, ಯಾವ ದರ್ಜೆ ಎಂಬುದು ಅರ್ಜಿಯಲ್ಲಿಯೇ ದಾಖಲಾಗುತ್ತದೆ. ಅನುಮತಿ ದೊರೆತ ಮೇಲೆ ಅದನ್ನು ಬದಲಿಸುವುದು ಸುಲಭವಲ್ಲ. ಸಿಂಗಪುರದಲ್ಲಿ 2020ರಲ್ಲಿ ಒಪ್ಪಿಗೆ ಪಡೆದ ಗುಡ್ ಮೀಟ್ ಸಂಸ್ಥೆಯ ದ್ರಾವಣದಲ್ಲಿ ಗರ್ಭಸ್ಥ ಕರುವಿನ ರಕ್ತದ ಸೀರಮ್ ಇತ್ತು. ಅದನ್ನು ಕೈಬಿಟ್ಟ ಹೊಸ ದ್ರಾವಣಕ್ಕೆ ಸಂಸ್ಥೆಯು ಮತ್ತೆ ಪ್ರತ್ಯೇಕ ಒಪ್ಪಿಗೆಯನ್ನು ಪಡೆಯಬೇಕಾಯಿತು. ಅದು ಬಂದಿದ್ದು 2023ರ ಜನವರಿಯಲ್ಲಿ.